ನೆಗಡಿ ತಡೆಯಲು ವಿಟಮಿನ್ ಮಾತ್ರೆ ಸಾಕೇ?

ಕೋವಿಡ್ ದಿನಗಳಲ್ಲಿ ವಿಟಮಿನ್ ಸಿ ಮಾತ್ರೆಗಾಗಿ ಮೆಡಿಕಲ್ ಶಾಪ್‌ಗಳ ಮುಂದೆ ಜನ ಮುಗಿಬಿದ್ದಿದ್ದರು. ಈ ನಂಬಿಕೆ ಆಗ ಹುಟ್ಟಿದ್ದಲ್ಲ. ರಸಾಯನ ವಿಜ್ಞಾನಕ್ಕೂ ಶಾಂತಿಗೂ ನೊಬೆಲ್ ಪಡೆದ ಅಮೆರಿಕದ ಲೈನಸ್ ಪಾಲಿಂಗ್, ದಿನಕ್ಕೊಂದು ಗ್ರಾಂ ವಿಟಮಿನ್ ಸಿ ಸೇವಿಸಿದರೆ ನೆಗಡಿ ದೂರವಾಗುತ್ತದೆಂದು 1970ರಲ್ಲೇ ಪುಸ್ತಕ ಬರೆದಿದ್ದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಜನ ನಂಬದಿರುತ್ತಾರೆಯೇ?

ಆದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ 29 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಾ ಮಾತ್ರೆ ನುಂಗಿದ ಸಾಮಾನ್ಯ ಜನರಿಗೂ ನೆಗಡಿ ಹೆಚ್ಚುಕಡಿಮೆ ಅಷ್ಟೇ ಸಲ ಬಂದಿತ್ತು. ಬಂದ ನೆಗಡಿ ದೊಡ್ಡವರಲ್ಲಿ ಶೇ. 8ರಷ್ಟು ಬೇಗ ವಾಸಿಯಾಗಿತ್ತು. ಏಳು ದಿನದ ನೆಗಡಿಯಲ್ಲಿ ಅದು ಅರ್ಧ ದಿನದ ಲಾಭ. ಮೂಗು ಸೋರತೊಡಗಿದ ಮೇಲೆ ಮಾತ್ರೆ ಶುರುಮಾಡಿದವರಲ್ಲಿ ಆ ಲಾಭವೂ ಸ್ಥಿರವಾಗಿ ಕಾಣಲಿಲ್ಲ. ಮ್ಯಾರಥಾನ್ ಓಟಗಾರರು, ಕಡುಚಳಿಯಲ್ಲಿ ದುಡಿಯುವ ಸೈನಿಕರಂಥವರಲ್ಲಿ ಮಾತ್ರ ನೆಗಡಿ ಸುಮಾರು ಅರ್ಧಕ್ಕಿಳಿದಿತ್ತು.

ವಿಟಮಿನ್ ಡಿ ಕತೆ ಇನ್ನೂ ಸ್ವಾರಸ್ಯಕರ. ಸೂಕ್ಷ್ಮಾಣುಗಳನ್ನು ಕೊಲ್ಲುವ ಕ್ಯಾಥೆಲಿಸಿಡಿನ್ ಎಂಬ ಪೆಪ್ಟೈಡನ್ನು ನಮ್ಮ ಜೀವಕೋಶಗಳು ತಯಾರಿಸಲು ಇದು ನೆರವಾಗುತ್ತದೆ. ಹಾಗಾಗಿ ಉಸಿರಾಟದ ಸೋಂಕು ತಡೆದೀತೆಂಬ ನಿರೀಕ್ಷೆಗೆ ಆಧಾರವಿತ್ತು. 2017ರಲ್ಲಿ 25 ಪ್ರಯೋಗಗಳ ವಿಶ್ಲೇಷಣೆ ಆಶಾದಾಯಕವಾಗಿಯೇ ಬಂತು. ರಕ್ತದಲ್ಲಿ ಮಿಲಿಲೀಟರಿಗೆ 10 ನ್ಯಾನೊಗ್ರಾಂಗಿಂತ ಕಡಿಮೆ ವಿಟಮಿನ್ ಡಿ ಇದ್ದು, ದಿನಾ ಇಲ್ಲವೇ ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಸೇವಿಸಿದವರಲ್ಲಿ ರಕ್ಷಣೆ ಎದ್ದು ಕಾಣುತ್ತಿತ್ತು. ಆದರೆ ಪ್ರಯೋಗಗಳು ದೊಡ್ಡವಾದಂತೆ ಲಾಭ ಕರಗುತ್ತಾ ಬಂತು. ನಾರ್ವೆಯಲ್ಲಿ ಸುಮಾರು 34 ಸಾವಿರ ಜನರ ಮೇಲೆ ವಿಟಮಿನ್ ಡಿ ಇರುವ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಪರೀಕ್ಷಿಸಿದಾಗ ಕೋವಿಡ್ ಆಗಲಿ ಬೇರೆ ಸೋಂಕಾಗಲಿ ಕಡಿಮೆಯಾಗಲಿಲ್ಲ. 2025ರ ಹೊತ್ತಿಗೆ 46 ಪ್ರಯೋಗಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ಉಳಿದ ಚಿಕ್ಕ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎನ್ನುವಷ್ಟಕ್ಕೆ ಇಳಿದಿತ್ತು.

ನನ್ನ ದೃಷ್ಟಿಯಲ್ಲಿ, ಕೊರತೆ ಇದ್ದವರಿಗೆ ವಿಟಮಿನ್ ಡಿ ಬೇಕೇ ಬೇಕು. ಅವರ ಮೂಳೆಗಳಿಗಂತೂ ಅದು ಅತ್ಯಗತ್ಯ. ಕೊರತೆ ಇಲ್ಲದವರಿಗೆ ಅದು ನೆಗಡಿ, ಫ್ಲೂ ವಿರುದ್ಧದ ಕವಚವಲ್ಲ. ಫ್ಲೂ ಲಸಿಕೆಯ ಸ್ಥಾನವನ್ನಂತೂ ತುಂಬಲಾರದು.

ಕಳವಳದ ಸಂಗತಿಯೊಂದಿದೆ. ವೈದ್ಯರು ಕೆಲವು ವಾರಗಳಿಗೆಂದು ಬರೆದುಕೊಟ್ಟ 60,000 ಯೂನಿಟ್‌ಗಳ ವಿಟಮಿನ್ ಡಿ ಪುಡಿಯನ್ನು ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತರುವವರಿದ್ದಾರೆ. ಹೆಚ್ಚಾದ ವಿಟಮಿನ್ ಸಿ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ವಿಟಮಿನ್ ಡಿ ಹಾಗಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಶುರುವಾಗುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.