ಚಿತ್ರವುಂಟು, ದನಿಯಿಲ್ಲ!
ವಿಡಿಯೋ ಪರಿವರ್ತನೆಯ ಮೌನಕ್ಕೆ ಕಾರಣ ಮತ್ತು ಪರಿಹಾರ

ಪರಊರಿನಲ್ಲಿ ದುಡಿಯುವ ನಮ್ಮವರ ಟ್ರಂಕುಗಳಲ್ಲಿ ಹಿಂದೆ ಊರಿನ ಕಾಗದಗಳ ಕಟ್ಟು ಇರುತ್ತಿತ್ತು. ಇಂದು ಅದರ ಸ್ಥಾನವನ್ನು ವಿಡಿಯೋ ಕಡತಗಳು ಪಡೆದಿವೆ. ತಂಗಿಯ ಮದುವೆಯ ಡಿ.ವಿ.ಡಿ., ಹಳೆಯ ಮೊಬೈಲಿನಲ್ಲಿ ಹಿಡಿದಿಟ್ಟ ತಂದೆಯವರ ಮಾತು, ದೇವಸ್ಥಾನದ ಬಯಲಿನಲ್ಲಿ ನಡೆದ ಯಕ್ಷಗಾನ ಇವೆಲ್ಲವನ್ನೂ ಹೊಸ ಫೋನಿನಲ್ಲಿ ನೋಡಬೇಕೆಂಬ ಆಸೆಯಿಂದ ಕಂಪ್ಯೂಟರಿನಲ್ಲಿ ಬೇರೊಂದು ರೂಪಕ್ಕೆ ಪರಿವರ್ತಿಸುವುದು ವಾಡಿಕೆ. ಕೆಲಸ ಮುಗಿದ ಮೇಲೆ ನೋಡಿದರೆ ತಂದೆಯವರ ತುಟಿಗಳು ಅಲುಗುತ್ತಿರುತ್ತವೆ, ಮಾತು ಕೇಳಿಸದು. ದನಿ ಹೋಗಿಯೇಬಿಟ್ಟಿತೆಂದು ಹಲವರು ಕೈಚೆಲ್ಲುತ್ತಾರೆ. ಮೂಲ ಕಡತವನ್ನು ಅಳಿಸದೆ ಇಟ್ಟುಕೊಂಡವರಿಗೆ ಅಷ್ಟು ನಿರಾಶೆಗೆ ಕಾರಣವಿಲ್ಲ.

ಡಬ್ಬಿಯೂ ಒಳಗಿನ ಪದಾರ್ಥವೂ

ವಿಡಿಯೋ ಕಡತವನ್ನು ಅಂತಸ್ತುಗಳುಳ್ಳ ಊಟದ ಕ್ಯಾರಿಯರಿಗೆ ಹೋಲಿಸಬಹುದು. ಒಂದು ಅಂತಸ್ತಿನಲ್ಲಿ ಚಿತ್ರ, ಮತ್ತೊಂದರಲ್ಲಿ ಧ್ವನಿ. ಹೆಸರಿನ ಕೊನೆಯಲ್ಲಿ ಕಾಣುವ ಎಂ.ಪಿ.4, ಎಂ.ಕೆ.ವಿ., ಎ.ವಿ.ಐ. ಎಂಬ ಅಕ್ಷರಗಳು ಡಬ್ಬಿಯ ಬಗೆಯನ್ನಷ್ಟೇ ಹೇಳುತ್ತವೆ. ಒಳಗಿನ ಧ್ವನಿಯನ್ನು ಅಡಕಗೊಳಿಸಿದ ಪದ್ಧತಿಗೆ 'ಕೋಡೆಕ್' ಎಂದು ಹೆಸರು. ಡಿ.ವಿ.ಡಿ.ಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಸಂಸ್ಥೆಯ ಎ.ಸಿ.3 ಇರುತ್ತದೆ, ಹಳೆಯ ಮೊಬೈಲುಗಳ 3ಜಿ.ಪಿ. ಕಡತಗಳಲ್ಲಿ ಅನೇಕವೇಳೆ, ದೂರವಾಣಿಯ ಮಾತಿಗೆಂದೇ ರೂಪಿಸಿದ ಎ.ಎಂ.ಆರ್. ಇರುತ್ತದೆ, ಇಂದಿನ ಫೋನುಗಳಲ್ಲಿ ಎ.ಎ.ಸಿ. ಬಳಕೆ ಹೆಚ್ಚು. ಪರಿವರ್ತಿಸುವ ತಂತ್ರಾಂಶಕ್ಕಾಗಲಿ, ನುಡಿಸುವ ಸಾಧನಕ್ಕಾಗಲಿ ಆ ಕೋಡೆಕ್ ತಿಳಿಯದಿದ್ದರೆ ಚಿತ್ರ ಓಡುತ್ತದೆ, ದನಿ ಬಾರದು.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ

2001ರಿಂದ ಉಚಿತವಾಗಿ ದೊರೆಯುತ್ತಿರುವ ವಿ.ಎಲ್.ಸಿ. ಎಂಬ ಪ್ಲೇಯರು ಬಹುತೇಕ ಎಲ್ಲ ಕೋಡೆಕ್‌ಗಳನ್ನೂ ತಾನೇ ಬಲ್ಲದು. ಮೊದಲು ಮೂಲ ಕಡತವನ್ನು ಅದರಲ್ಲಿ ತೆರೆಯಿರಿ. ಅದೂ ಮೌನವಾಗಿದ್ದರೆ ಯಾವುದಾದರೊಂದು ಹಾಡನ್ನು ನುಡಿಸಿ, ಕಂಪ್ಯೂಟರಿನ ಸ್ಪೀಕರು ಸರಿಯಿದೆಯೇ ಎಂದು ನೋಡಿರಿ. ಮೂಲದಲ್ಲಿ ದನಿಯಿದ್ದರೆ ಹೊಸ ಕಡತವನ್ನು ತೆರೆದು, 'ಟೂಲ್ಸ್' ಪಟ್ಟಿಯಲ್ಲಿ 'ಕೋಡೆಕ್ ಇನ್ಫರ್ಮೇಷನ್' ಎಂಬುದನ್ನು ಒತ್ತಿರಿ. ಅಲ್ಲಿ ಚಿತ್ರದ ಜೊತೆಗೆ 'ಆಡಿಯೋ' ಎಂಬ ನಮೂದು ಇದೆಯೇ, ಇಲ್ಲವೇ ಎಂಬುದರ ಮೇಲೆ ಮುಂದಿನ ಕ್ರಮ ನಿಂತಿದೆ.

ನಮೂದೇ ಇಲ್ಲದಿದ್ದರೆ ಪರಿವರ್ತನೆಯ ಕಾಲದಲ್ಲಿ ಧ್ವನಿ ಕೈಬಿಟ್ಟುಹೋಗಿದೆಯೆಂದು ತಿಳಿಯಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವನ್ನು ಬಳಸುವವರು ಮೂಲ ಕಡತವನ್ನು ಅದರಲ್ಲಿ ತೆರೆದು 'ಆಡಿಯೋ' ವಿಭಾಗವನ್ನು ನೋಡಲಿ. ಅಲ್ಲಿ ಪಟ್ಟಿ ಬರಿದಾಗಿದ್ದರೆ ಧ್ವನಿಯ ಟ್ರ್ಯಾಕನ್ನು ಸೇರಿಸಬೇಕು. ಹಲವು ಭಾಷೆಗಳ ಚಿತ್ರವಾದರೆ ಕನ್ನಡದ ಟ್ರ್ಯಾಕನ್ನೇ ಆರಿಸಬೇಕು.

ನಮೂದು ಇದ್ದು, ವಿ.ಎಲ್.ಸಿ.ಯಲ್ಲಿ ಕೇಳಿಸಿ, ಫೋನಿನಲ್ಲಿ ಮಾತ್ರ ಕೇಳಿಸದಿದ್ದರೆ ದೋಷ ಕೋಡೆಕ್‌ನದು. 'ಪಾಸ್‌ಥ್ರೂ' ಎಂಬ ಆಯ್ಕೆಯಿದ್ದಲ್ಲಿ ಹಳೆಯ ಧ್ವನಿ ಇದ್ದಂತೆಯೇ ಹೊಸ ಡಬ್ಬಿಗೆ ಸಾಗಿರುತ್ತದೆ. ಅದನ್ನು ತೆಗೆದು ಎ.ಎ.ಸಿ., ಸ್ಟೀರಿಯೋ, 160 ಕಿಲೋಬಿಟ್ ಎಂದು ಆರಿಸಿದರೆ ಇಂದಿನ ಬಹುತೇಕ ಎಲ್ಲ ಫೋನುಗಳೂ ನುಡಿಸುತ್ತವೆ. ತುಸು ಅನುಭವವುಳ್ಳವರು 2000ದಲ್ಲಿ ಆರಂಭವಾದ ಎಫ್.ಎಫ್.ಎಂಪೆಗ್ ಎಂಬ ಉಚಿತ ಸಾಧನದಿಂದ ಚಿತ್ರವನ್ನು ಇದ್ದಂತೆಯೇ ನಕಲಿಳಿಸಿ, ಧ್ವನಿಯೊಂದನ್ನೇ ಎ.ಎ.ಸಿ.ಗೆ ಬದಲಿಸಬಹುದು. ಚಿತ್ರದ ಗುಣ ಕೆಡುವುದಿಲ್ಲ. ಕೆಲಸವೂ ಬೇಗ ಮುಗಿಯುತ್ತದೆ.

ಮೂರನೆಯದೊಂದು ತೊಡಕುಂಟು. ಸಂಗೀತ ಕೇಳಿಸುತ್ತದೆ, ಮಾತು ಕ್ಷೀಣ. ಸಿನಿಮಾಗಳ 5.1 ಧ್ವನಿಯಲ್ಲಿ ಸಂಭಾಷಣೆ ಹೆಚ್ಚಾಗಿ ನಡುವಣ ಸ್ಪೀಕರಿಗೆ ಮೀಸಲು. ಎರಡೇ ಸ್ಪೀಕರುಗಳ ಸಾಧನದಲ್ಲಿ ಅದು ಸರಿಯಾಗಿ ಬೆರೆಯದಿದ್ದರೆ ಮಾತು ಅಡಗುತ್ತದೆ. ಪರಿವರ್ತಿಸುವಾಗಲೇ 'ಸ್ಟೀರಿಯೋ' ಎಂದು ಆರಿಸುವುದೇ ಇದಕ್ಕೂ ಮದ್ದು.

ಎರಡು ಎಚ್ಚರಿಕೆಗಳು

ಮೂರು ಗಂಟೆಯ ಮದುವೆಯನ್ನು ಒಮ್ಮೆಲೇ ಪರಿವರ್ತಿಸಹೊರಡದೆ, ಮೊದಲು ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ, ನೋಡಬೇಕಾದ ಫೋನಿನಲ್ಲಿಯೇ ಕೇಳಿರಿ. ರಾತ್ರಿಪಾಳಿ ಮುಗಿಸಿ ಬಂದವರ ನಿದ್ರೆಯೂ ಇದರಿಂದ ಉಳಿಯುತ್ತದೆ. ಎರಡನೆಯದಾಗಿ, ಹೊಸ ಕಡತವನ್ನು ಆದ್ಯಂತ ಕೇಳಿ ನೋಡುವ ತನಕ ಮೂಲವನ್ನು ಅಳಿಸಬೇಡಿರಿ. ಆಮೇಲೂ ಎರಡು ಬೇರೆ ಬೇರೆ ಕಡೆ ಅದರ ಪ್ರತಿಯಿರಲಿ. ಧ್ವನಿ ಕೈಬಿಟ್ಟ ಕಡತದಿಂದ ಅದನ್ನು ಮರಳಿ ಹೊರತೆಗೆಯುವ ತಂತ್ರಾಂಶ ಯಾವುದೂ ಇಲ್ಲ. ಅಗಲಿದ ಹಿರಿಯರ ಮಾತು ಮೂಲದಲ್ಲಿ ಮಾತ್ರ ಉಳಿದಿರುತ್ತದೆ.