ಓಕ್ ಮರದ ನೆರಳೂ ಹುಲ್ಲುಗಾವಲೂ

ಮರದ ನೆರಳು ಹುಲ್ಲಿಗೆ ಮಿತ್ರನೇ, ಶತ್ರುವೇ? ಸ್ಪೇನ್ ದೇಶದ ಎಕ್ಸ್‌ತ್ರೆಮದೂರಾ ಪ್ರಾಂತದಲ್ಲಿ ‘ದೆಹೆಸಾ’ ಎಂದು ಕರೆಯಲ್ಪಡುವ ವಿರಳವಾದ ಓಕ್ ತೋಪುಗಳನ್ನು ನೋಡಿರಿ. ಈ ಪ್ರಶ್ನೆಗೆ ಉತ್ತರವು ಅಲ್ಲಿ ಭೂಮಿಯನ್ನು ಪಾಲಿಸುವ ಕೈಗಳನ್ನೇ ಅವಲಂಬಿಸಿದೆ.

ಉದುರಿದ ಎಲೆಗಳಿಂದಲೂ, ನೆರಳನ್ನರಸಿ ಬಂದು ಮಲಗುವ ದನಕುರಿಗಳ ಗೊಬ್ಬರದಿಂದಲೂ ಮರದ ಬುಡದ ಮಣ್ಣು ಬಯಲಿನ ಮಣ್ಣಿಗಿಂತ ಫಲವತ್ತಾಗುವುದು. ಬೇಸಗೆಯ ಆರಂಭದಲ್ಲಿ ಬಯಲಿನ ಹುಲ್ಲು ಒಣಗಿ ಹಳದಿಯಾದ ಮೇಲೂ ಕೊಂಬೆಗಳ ಕೆಳಗಿನ ಹುಲ್ಲು ಕೆಲಕಾಲ ಹಸುರಾಗಿಯೇ ಉಳಿಯುವುದುಂಟು. ಆದರೆ ಮರಗಳು ಒತ್ತಾಗಿ ಬೆಳೆದಲ್ಲಿ ಬೆಳಕಿಗೂ ನೀರಿಗೂ ಸ್ಪರ್ಧೆ ಹುಟ್ಟಿ ಹುಲ್ಲು ಸೊರಗುವುದರಿಂದ, ಅಲ್ಲಿಯ ರೈತರು ತಲೆಮಾರುಗಳಿಂದ ಮರಗಳ ನಡುವೆ ಅಂತರವನ್ನು ಕಾಯ್ದು, ಕೊಂಬೆಗಳನ್ನು ಸವರಿ, ಅಕ್ಟೋಬರಿನಿಂದ ಚಳಿಗಾಲದುದ್ದಕ್ಕೂ ಉದುರುವ ಓಕ್ ಕಾಯಿಗಳನ್ನು ಐಬೀರಿಯನ್ ಹಂದಿಗಳಿಗೆ ಮೇಯಿಸುತ್ತ ಬಂದಿದ್ದಾರೆ.

ಮೇಯಿಸುವುದು ಅತಿಯಾದರೆ, ಆಗತಾನೆ ಮೊಳೆತ ಓಕ್ ಸಸಿಯು ಕುರಿಯ ಬಾಯಿಗೆ ಬಿದ್ದು, ಹಳೆಯ ಮರಗಳಿಗೆ ಉತ್ತರಾಧಿಕಾರಿಗಳೇ ಇಲ್ಲದಾಗುವುದು. ಮೇಯಿಸುವುದನ್ನೇ ಬಿಟ್ಟರೆ, ಮಿತವಾಗಿದ್ದಾಗ ಸಸಿಗೆ ಆಸರೆಯಾಗುವ ಪೊದೆಗಳೇ ಎಲ್ಲೆಡೆ ಹಬ್ಬಿ ಹುಲ್ಲನ್ನು ನುಂಗಿ ಕಾಳ್ಗಿಚ್ಚಿಗೆ ಇಂಧನವಾಗುವುವು.

ಆದುದರಿಂದ, ಸಸಿಗಳು ದನಗಳ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಬೆಳೆಯುವವರೆಗೆ ನೆಲದ ಒಂದೊಂದು ಭಾಗಕ್ಕೆ ಸರದಿಯಂತೆ ಬಿಡುವು ಕೊಟ್ಟು, ವರ್ಷಗಟ್ಟಲೆ ತಾಳ್ಮೆಯಿಂದ ಕಾಯುವುದೇ ಮರವನ್ನೂ ಹುಲ್ಲನ್ನೂ ಜೊತೆಯಾಗಿ ಉಳಿಸುವ ಮಾರ್ಗ.