ಜಪಾನೀ ಭಾಷೆಯಲ್ಲಿ ತಪ್ಪಿದ ಆಪತ್ತಿನ ನಿರೂಪಣೆ

ನಡೆದುದನ್ನು ನಡೆದಂತೆ ಹೇಳುವುದು ಸುಲಭ. ನಡೆಯದುದನ್ನು ನಿಷೇಧರೂಪದಿಂದ ಹೇಳುವುದೂ ಸುಲಭ. ನಡೆಯುವುದರಲ್ಲಿದ್ದು ಕೂದಲೆಳೆಯಷ್ಟರಲ್ಲಿ ತಪ್ಪಿಹೋದುದನ್ನು ಹೇಳುವಲ್ಲಿಯೇ ಭಾಷೆಯ ಶಕ್ತಿಯು ಪರೀಕ್ಷೆಗೆ ಒಳಗಾಗುವುದು. ಜಪಾನೀ ಭಾಷೆಯು ಈ ಕಾರ್ಯವನ್ನು ಬಹುಮಟ್ಟಿಗೆ ನಿಷೇಧಪದದ ನೆರವಿಲ್ಲದೆಯೇ ಸಾಧಿಸುತ್ತದೆ.

ಇದಕ್ಕೆ ಮುಖ್ಯ ಸಾಧನವು 'ತೊಕೊರೊ' ಎಂಬ ನಾಮಪದ. ಇದರ ಮೂಲಾರ್ಥವು 'ಸ್ಥಳ'. ಕ್ರಿಯಾಪದದ ಅನಂತರ ಬಂದಾಗ ಕಾಲದ ಒಂದು ಘಟ್ಟವನ್ನು ಸೂಚಿಸುತ್ತದೆ. 'ದತ್ತ' ಎಂಬುದು 'ಆಗಿತ್ತು' ಎಂಬ ಅರ್ಥದ ಭೂತರೂಪ. 'ಒಚಿರು ತೊಕೊರೊ ದತ್ತ' ಎಂದರೆ ಅಕ್ಷರಶಃ 'ಬೀಳುವ ಎಡೆಯಾಗಿತ್ತು', ಅರ್ಥಾತ್ 'ಬೀಳುವುದರಲ್ಲಿದ್ದನು'. 'ಒಚಿತ ತೊಕೊರೊ ದತ್ತ' ಎಂದರೆ 'ಆಗತಾನೆ ಬಿದ್ದಿದ್ದನು'. 'ರು' ಇದ್ದೆಡೆಯಲ್ಲಿ 'ತ' ಬಂದ ಮಾತ್ರದಿಂದ ಉಳಿದವನು ಬಿದ್ದವನಾದನು! ಭಾಷಾಂತರಕಾರನು ಈ ಒಂದಕ್ಷರವನ್ನು ಅಲಕ್ಷಿಸಿದರೆ ಕಥೆಯೇ ಬೇರೆಯಾಗುವುದು.

ಆದರೆ ಎಡೆಯನ್ನು ಸೂಚಿಸಿದಷ್ಟರಿಂದಲೇ ಆಪತ್ತು ತಪ್ಪಿತೆಂಬ ಅರ್ಥವು ನಿಶ್ಚಿತವಾಗದು. 'ದೆಕಕೆರು ತೊಕೊರೊ ದತ್ತ' ಎಂದರೆ 'ಹೊರಡುವುದರಲ್ಲಿದ್ದನು'. ಅನಂತರ ಅವನು ಹೊರಟಿರಲೂಬಹುದು. ಆದುದರಿಂದ 'ಕೈಹಿಡಿಯದಿದ್ದರೆ' ಎಂಬಂತಹ ಪಕ್ಷಾರ್ಥಕ ವಾಕ್ಯವಾಗಲಿ, 'ಅಯವುಕು', 'ಮೋ ಸುಕೊಶಿ ದೆ' ಎಂಬ ಕ್ರಿಯಾವಿಶೇಷಣಗಳಾಗಲಿ ಜೊತೆಗೂಡಿ ಅರ್ಥವನ್ನು ಸ್ಥಿರಪಡಿಸುತ್ತವೆ. ಇವುಗಳಲ್ಲಿ ಮೊದಲನೆಯದು 'ಅಪಾಯಕರ' ಎಂಬ ಗುಣವಾಚಕದಿಂದ ಹುಟ್ಟಿದುದು. ಅನಿಷ್ಟವು ತಪ್ಪಿದಾಗ ಇದರ ಪ್ರಯೋಗ. ಎರಡನೆಯದು 'ಇನ್ನು ಸ್ವಲ್ಪದರಲ್ಲಿ' ಎಂಬಂತಹುದು. ಕೈಗೆ ಬಂದ ಗೆಲವು ಜಾರಿದಾಗಲೂ ಸಲ್ಲುತ್ತದೆ.

'ಒಚಿಸೋ ನಿ ನತ್ತ' ಎಂಬ ಪ್ರಯೋಗವು ತೋರಿಕೆಯನ್ನು ಆಶ್ರಯಿಸಿದುದು: 'ಬೀಳುವಂತಾಯಿತು'. 'ಶಿನಿಸೊಕೊನವು' ಎಂಬ ಸಮಸ್ತಕ್ರಿಯೆಗಾದರೋ 'ಸಾಯಲೆಳಸಿ ವಿಫಲನಾಗು' ಎಂದೂ 'ಸಾವಿನ ಬಾಯಿಗೆ ಬೀಳುವಂತಾಗು' ಎಂದೂ ಎರಡು ಅರ್ಥಗಳುಂಟು. ಬದುಕಿದವನು ಮರಣವನ್ನು ಬಯಸಿದ್ದನೋ ಅದಕ್ಕೆ ಅಂಜಿದ್ದನೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ಕನ್ನಡಿಗರಿಗೆ ಈ ಪ್ರಯೋಗಗಳು ತೀರ ಅಪರಿಚಿತವೆನಿಸಲಾರವು. 'ಕಿಕಿ ಇಪ್ಪತ್ಸು' ಎಂಬ ನುಡಿಯಲ್ಲಿ 'ಇಪ್ಪತ್ಸು' ಎಂದರೆ ಒಂದು ಕೂದಲು. ನಮ್ಮ 'ಕೂದಲೆಳೆ'ಯೂ ಅದೇ ಅಂತರವನ್ನು ಅಳೆಯುತ್ತದೆ. 'ಬೀಳುವುದರಲ್ಲಿದ್ದನು' ಎಂಬಲ್ಲಿ ಸಪ್ತಮೀ ವಿಭಕ್ತಿಯು ಕಾಲವನ್ನು ಸ್ಥಳವನ್ನಾಗಿ ಮಾಡಿದೆ. ಜಪಾನೀಯರ 'ತೊಕೊರೊ'ವಿನ ಕಾರ್ಯವೂ ಅದೇ. ಇಷ್ಟರಿಂದ ಉಭಯ ಭಾಷೆಗಳಿಗೆ ಜ್ಞಾತಿತ್ವವನ್ನು ಕಲ್ಪಿಸಲಾಗದು. ಆದರೂ ಇಂತಹ ವಾಕ್ಯಗಳನ್ನು ಕನ್ನಡಿಸುವವನಿಗೆ 'ಬಹುತೇಕ ಬಿದ್ದನು' ಎಂಬ ಕೃತಕ ರಚನೆಯ ಅಗತ್ಯವಿಲ್ಲ. ಮನೆಮಾತಿನಲ್ಲಿಯೇ ತಕ್ಕ ರೂಪವು ಸಿದ್ಧವಾಗಿದೆ.